ಐದನೇ ತಾರಸಿ

ವೆಸ್ಟ್‌ಲ್ಯಾಂಡ್ಸ್, ನೈರೋಬಿ
4 ಫೆಬ್ರವರಿ 2025

ಶ್ರೀಯುತ ಶ್ರೀನಿವಾಸ ಅವರಿಗೆ,

ವತ್ಸಲಾ ಮಾಡುವ ನಮಸ್ಕಾರಗಳು. ಊಟದ ಡಬ್ಬಿಯ ಮೇಲಿನ ಬಟ್ಟಲಿನಲ್ಲಿ, ಚಪಾತಿಯ ಕೆಳಗೆ ಕಾಗದ ಸಿಕ್ಕಿತೆಂದು ಗಾಬರಿಯಾಗಬೇಡಿ. ಶೈಲಜಾ ಅವರು ನನ್ನ ಆಫೀಸಿಗೆ ಊಟ ಕಳಿಸುವಂತೆ ಇಂಡಸ್ಟ್ರಿಯಲ್ ಏರಿಯಾದ ನಿಮ್ಮ ಫ್ಯಾಕ್ಟರಿಗೂ ಕಳಿಸುತ್ತಾರೆಂದು ನನಗೆ ಹೋದ ವಾರವಷ್ಟೇ ತಿಳಿಯಿತು. ನಿಮ್ಮ ಫೋನ್ ನಂಬರು ಕೊಡುತ್ತೇನೆಂದರು. ಬೇಡವೆಂದೆ. ಮೂರು ವರ್ಷದಿಂದ ನಾವಿಬ್ಬರೂ ಇದೇ ಊರಿನಲ್ಲಿದ್ದೇವೆ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ನೀವು ಎಡಗಡೆಯ ಕುರ್ಚಿಗಳಲ್ಲಿ, ನಾನು ಬಲಗಡೆಯ ಕುರ್ಚಿಗಳಲ್ಲಿ ಕೂತು, ಒಬ್ಬರನ್ನೊಬ್ಬರು ನೋಡದ ಹಾಗೆ ಬಿಸಿಬೇಳೆಬಾತ್ ತಿಂದು ಮನೆಗೆ ಹೋಗುವ ಪದ್ಧತಿ ಚೆನ್ನಾಗಿಯೇ ನಡೆದುಕೊಂಡು ಬಂದಿದೆ. ಅದನ್ನು ಮುರಿಯುವ ಉದ್ದೇಶ ನನಗಿಲ್ಲ. ವಿಷಯ ಬೇರೆ.

ನಮ್ಮ ಆಫೀಸಿನ ಹಿಂದಿನ ಬೀದಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ, ಶೆರಿಲ್ ಎಂಬ ಹುಡುಗಿ ಮತ್ತು ವಿನ್ಸೆಂಟ್ ಎಂಬ ಹುಡುಗ ಕಂಪ್ಯೂಟರ್ ಆಟಗಳನ್ನು ಮಾಡುತ್ತಾರೆ. ಅವರಿಬ್ಬರು ಮತ್ತು ಒಂದು ಟೀ ಕೆಟಲ್, ಇಷ್ಟೇ ಕಂಪನಿ. ಅವರ ಒಂದು ಆಟದಲ್ಲಿ ಜನರನ್ನು ತುಂಬಿಕೊಂಡು ಮಟಾಟು ವ್ಯಾನು ಓಡಿಸಬೇಕು. ಜಾಮಿನಲ್ಲಿ ಸಿಕ್ಕಿಕೊಂಡರೆ ಸೋತ ಹಾಗೆ. ಈ ಊರನ್ನು ಬಲ್ಲವರು ಯಾರೂ ಗೆದ್ದಿಲ್ಲ. ಮೇ ತಿಂಗಳಲ್ಲಿ ಕಸರಾನಿಯ ಕ್ರೀಡಾಂಗಣದ ಸಭಾಂಗಣದಲ್ಲಿ ಆಟಗಳ ಮೇಳವೊಂದಿದೆ. ಮನೆಗಳಿಗೆ ಕಂಪ್ಯೂಟರ್ ಹೊಸದಾಗಿ ಬಂದ ಕಾಲದಲ್ಲಿ ಇಬ್ಬರು ಮೂವರು ಸೇರಿ ಗ್ಯಾರೇಜಿನಲ್ಲೋ ಅಡುಗೆಮನೆಯಲ್ಲೋ ಕೂತು ಮಾಡಿದ ಆಟಗಳನ್ನು ಅಲ್ಲಿ ಇಡಬೇಕೆಂದು ಇವರು ಹುಡುಕುತ್ತಿದ್ದರು. ಹಾಗೆ ಹುಡುಕುವಾಗ, ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಹಾಕಿದ್ದ ಒಂದು ಕ್ಯಾಸೆಟ್ಟಿನ ಪ್ರತಿ ಸಿಕ್ಕಿತು. ಮೊದಲ ತೆರೆಯ ಅಕ್ಷರ ಯಾವ ಭಾಷೆಯದೆಂದು ತಿಳಿಯದೆ, ಊಟದ ಡಬ್ಬಿ ತಂದ ಶೈಲಜಾ ಅವರಿಗೆ ಶೆರಿಲ್ ತೋರಿಸಿದಳು. ಅವರು ಓದಿದರು: "ಹಪ್ಪಳ. ಗಿರಣಿ ಗೇಮ್ಸ್, ಮಲ್ಲೇಶ್ವರ, ಬೆಂಗಳೂರು 3. ಸೀನು – ವತ್ಸಲಾ." ಓದಿ, "ಈ ಇಬ್ಬರೂ ನನ್ನ ಊಟದವರೇ" ಎಂದರಂತೆ.

ನಿಮಗೆ ಮರೆತಿರಬಹುದು. 1988ರಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ, ರಬ್ಬರ್ ಗುಂಡಿಗಳ ಹೋಮ್ ಕಂಪ್ಯೂಟರನ್ನು ಹಳೆಯ ಟೀವಿಗೆ ಸಿಕ್ಕಿಸಿಕೊಂಡು ನಾವಿಬ್ಬರು ಆ ಆಟ ಮಾಡಿದೆವು. ಪ್ರೋಗ್ರಾಮ್ ನಿಮ್ಮದು, ಚಿತ್ರ, ರಾಗ ನನ್ನದು. ತಾರಸಿಯ ಮೇಲೆ ಒಣಗಿಸಿದ ಹಪ್ಪಳವನ್ನು ಅಜ್ಜಿಯೊಬ್ಬಳು ಕೋಲು ಹಿಡಿದು ಕಾಗೆಗಳಿಂದ ಕಾಯಬೇಕು. ನಾಲ್ಕು ತಾರಸಿಗಳನ್ನು ಹೇಗೋ ದಾಟಬಹುದು. ಐದನೆಯದನ್ನು, ಶೆರಿಲ್ ವಿಚಾರಿಸಿದ ಮಟ್ಟಿಗೆ, ಲೋಕದಲ್ಲಿ ಯಾರೂ ದಾಟಿಲ್ಲ.

ಮೇಳದಲ್ಲಿ ಇಡಲು ನಿಮ್ಮ ಒಪ್ಪಿಗೆ ಬೇಕಂತೆ. ಐದನೇ ತಾರಸಿಯನ್ನು ದಾಟುವುದು ಹೇಗೆಂದೂ ತಿಳಿಸಬೇಕಂತೆ. ದಯವಿಟ್ಟು ಅಕ್ಷರ ಬಿಡಿಸಿ ಬರೆಯಿರಿ. ನಿಮ್ಮ ಬರಹವನ್ನು ಓದುವ ಅಭ್ಯಾಸ ನನಗೆ ತಪ್ಪಿಹೋಗಿದೆ.

ಇತಿ,
ವತ್ಸಲಾ ರಮೇಶ್

*

ಇಂಡಸ್ಟ್ರಿಯಲ್ ಏರಿಯಾ
6 ಫೆಬ್ರವರಿ

ವತ್ಸಲಾ,

ನಿನ್ನ ಕಾಗದ ವಿದ್ಯುತ್ ಇಲಾಖೆಯ ನೋಟೀಸಿನ ಹಾಗಿತ್ತು. ಎರಡು ಸಲ ಓದಿದೆ, ಎಲ್ಲಿ ಕಟ್ಟಬೇಕೆಂದು ಬರೆದಿದೆಯೋ ಎಂದು ಹುಡುಕಿದೆ. "ನೀವು" ಎಂದು ಬರೆದಿದ್ದೀಯ. ಸೋಲ್ಡರ್ ಮಾಡುವ ಕಡ್ಡಿಯನ್ನು ನನ್ನ ಮೇಲೆ ಎಸೆದವಳು ನೀನು. ಎಸೆದ ಮೇಲೆ ಬಹುವಚನ ನಡೆಯುವುದಿಲ್ಲ.

ನಾನಿಲ್ಲಿ ನೀರಿನ ಬಾಟಲಿಗಳಿಗೆ ಮುಚ್ಚಳ ಮಾಡಿಸುತ್ತೇನೆ. ಈ ಊರಿನಲ್ಲಿ ನೀನು ಬಾಟಲಿ ನೀರು ಕುಡಿದಿದ್ದರೆ ನನ್ನ ಮುಚ್ಚಳವನ್ನು ತಿರುಗಿಸಿಯೇ ಇರುತ್ತೀಯ. ಆದ್ದರಿಂದ ನಮಗೆ ಸಂಪರ್ಕವೇ ಇರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ.

ಆಟ ಇಡಲಿ. ನನ್ನ ಅಡ್ಡಿಯಿಲ್ಲ. ಆದರೆ ನೋಡಿದವರು ನಗುತ್ತಾರೆಂದು ಆ ಹುಡುಗಿಗೆ ಮೊದಲೇ ಹೇಳಿಬಿಡು. ಕೈಯಲ್ಲಿರುವ ಫೋನಿನಲ್ಲಿ ಇಡೀ ಯುದ್ಧವನ್ನೇ ಆಡುವ ಮಕ್ಕಳಿಗೆ, ಚೌಕ ಮೂತಿಯ ಕಾಗೆಯನ್ನು ನೀಲಿ ಅಜ್ಜಿ ಅಟ್ಟುವುದನ್ನು ತೋರಿಸುವುದೆಂದರೆ ಧೈರ್ಯ ಬೇಕು. ಇನ್ನೊಂದು: ಹೆಸರುಗಳು ಇದ್ದ ಹಾಗೆಯೇ ಇರಬೇಕು. ಸೀನು, ಆಮೇಲೆ ವತ್ಸಲಾ. ಇಂಗ್ಲಿಷ್ ವರ್ಣಮಾಲೆಯಲ್ಲಿಯೂ ಅದೇ ಸರಿ.

ಐದನೇ ತಾರಸಿಯ ವಿಷಯ. ಗೊತ್ತಿರುವುದನ್ನೇ ಕೇಳಿ ಪರೀಕ್ಷೆ ಮಾಡುವ ಚಟ ನಿನಗೆ ಇನ್ನೂ ಹೋಗಿಲ್ಲ. ಅದನ್ನು ಹೇಗೆ ದಾಟುವುದೆಂದು ಅಂದೇ ಹೇಳಿ ಕಳಿಸಿದ್ದೆನಲ್ಲ.

ಶೈಲಜಾ ಅವರಿಗೆ ಒಂದು ಮಾತು ಹೇಳು: ಹುಳಿಗೆ ಸ್ವಲ್ಪ ಬೆಲ್ಲ ಕಡಿಮೆ ಹಾಕಲಿ. ನಾನು ಹೇಳಿದರೆ ಮರುದಿನ ಬೆಲ್ಲ ಇನ್ನೂ ಜಾಸ್ತಿಯಾಗುತ್ತದೆ.

ಸೀನು

*

ವೆಸ್ಟ್‌ಲ್ಯಾಂಡ್ಸ್
10 ಫೆಬ್ರವರಿ

ಸೀನು,

ಸರಿ, "ನೀನು." ಸೋಲ್ಡರ್ ಕಡ್ಡಿ ಬಿಸಿಯಾಗಿರಲಿಲ್ಲ ಎಂಬುದನ್ನು ಬರೆಯದೆ ಬಿಟ್ಟಿದ್ದೀಯ.

ಹೆಸರಿನ ವಿಚಾರ. ಆಟದ ಮೊದಲ ತೆರೆ ಇರುವುದು ಕನ್ನಡದಲ್ಲಿ. ಯ ರ ಲ ವ ಶ ಷ ಸ. ಮೊದಲು ವ ಬರುತ್ತದೆ, ಎಷ್ಟೋ ಹೊತ್ತಾದ ಮೇಲೆ ಸ. ಒಂದನೇ ಕ್ಲಾಸಿನ ಮಕ್ಕಳನ್ನು ಕೇಳು. ಇದನ್ನು ಆಗಲೇ ಹೇಳಬೇಕೆಂದಿದ್ದೆ. ಪರವಾಗಿಲ್ಲ ಎಂದು ಸುಮ್ಮನಾದೆ. ಪರವಾಗಿತ್ತು.

ಈಗ, ನೀನು "ಹೇಳಿ ಕಳಿಸಿದ" ವಿಚಾರ. ನೀನು ಬರದೆ ಹೋದ ದಿನ ನನಗೆ ತಲುಪಿದ್ದು ಒಂದೇ ಮಾತು. ಕೆಳಗಿನಿಂದ ಗಿರಣಿ ಯಜಮಾನರು ಹತ್ತಿ ಬಂದರು, ಮೀಸೆಯ ತುಂಬ ರಾಗಿಹಿಟ್ಟು. "ಸೀನುಗೆ ಆಗಲ್ವಂತೆ ಕಣಮ್ಮ. ನೀನು ಬೇರೆ ಇಬ್ಬರನ್ನ ನೋಡ್ಕೋಬೇಕಂತೆ" ಎಂದರು. ಬೇರೆ ಇಬ್ಬರು. ಒಬ್ಬರಲ್ಲ. ನಿನ್ನೊಬ್ಬನ ಜಾಗಕ್ಕೆ ಇಬ್ಬರು ಬೇಕೆಂಬಷ್ಟು ಜಂಬ ನಿನಗೆ ಯಾವಾಗ ಬಂತೆಂದು ನಾನು ಬಹಳ ದಿನ ಯೋಚಿಸಿದೆ.

ಆಮೇಲೆ ಮೇಜಿನ ಮೇಲೆ ನೀನು ಬಿಟ್ಟುಹೋದ ಕ್ಯಾಸೆಟ್ ಹಾಕಿದೆ. ರಾಗವೇ ಇಲ್ಲ. ಅಜ್ಜಿ ಬಂದಳು, ಕಾಗೆ ಬಂತು, ಟಿಕ್ ಟಿಕ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಅಜ್ಜಿಗೆ ಜೊತೆಯಾಗಿ ಒಬ್ಬ ಮೊಮ್ಮಗಳ ಚಿತ್ರ ಬರೆದುಕೊಟ್ಟಾಗ ಮೆಮೊರಿಯಲ್ಲಿ ಜಾಗವಿಲ್ಲ ಎಂದಿದ್ದೆ, ಒಪ್ಪಿಕೊಂಡೆ. ಎರಡು ತಿಂಗಳು ಕೂತು ಕಟ್ಟಿದ ರಾಗವನ್ನೂ, ಒಂದು ಮಾತು ಕೇಳದೆ, ಕಿತ್ತು ಹಾಕಿ ಹೋಗಿದ್ದೆ. ನೀನು ಹೋದದ್ದಕ್ಕೆ ನನಗೆ ಅಷ್ಟು ಕೋಪ ಬರಲಿಲ್ಲ. ಜನ ಹೋಗುತ್ತಾರೆ. ಕ್ಯಾಸೆಟ್ಟನ್ನು ಪ್ರತಿ ಮಾಡಿ ಮಾರುವ ಅಂಗಡಿಯವರ ಕೈಗೆ ಕೊಟ್ಟೆ, ಅಲ್ಲಿಂದ ಈಚೆಗೆ ಒಂದು ಸಲವೂ ಆಡಿಲ್ಲ.

ಈಗ ನಮ್ಮ ಮನೆಯಲ್ಲಿ ಬೇರೆ ಯಾರೋ ಆಡುತ್ತಿದ್ದಾರೆ. ನಮ್ಮವರು, ರಮೇಶ್, ಬ್ಯಾಂಕಿನಲ್ಲಿ ನೂರು ಜನರನ್ನು ಆಳುವವರು, ಶೆರಿಲ್ ಹಾಕಿಕೊಟ್ಟ ದಿನದಿಂದ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ. ನಾಲ್ಕನೇ ತಾರಸಿ ದಾಟಿದ ದಿನ ಪಾಯಸ ಮಾಡಲು ಹೇಳಿದರು. ಐದರಲ್ಲಿ ನಿಂತುಹೋಗಿದ್ದಾರೆ. ಅಜ್ಜಿ ನೀರಿನ ಟ್ಯಾಂಕಿನ ಈ ಕಡೆ ಬಂದರೆ ಆ ಕಡೆ ಕಾಗೆ, ಆ ಕಡೆ ಹೋದರೆ ಈ ಕಡೆ ಕಾಗೆ. "ಇದು ಬಗ್ ಕಣೆ, ನಿನ್ನ ಪಾರ್ಟ್‌ನರ್ ಸರಿಯಾಗಿ ಟೆಸ್ಟ್ ಮಾಡಿಲ್ಲ" ಎಂದರು. ಹೆಗಲ ಮೇಲಿಂದ ಬಗ್ಗಿ ನೋಡಿದೆ. ನಾನು ಬರೆದ ಟ್ಯಾಂಕನ್ನು ನೀನು ಒಂದು ಚೌಕ ಅಗಲ ಮಾಡಿದ್ದೀಯ. ಅದನ್ನೂ ಕೇಳದೆಯೇ.

ವತ್ಸಲಾ

*

17 ಫೆಬ್ರವರಿ

ವತ್ಸಲಕ್ಕಾ,

ನಾನು ಶೈಲಜಾ ಬರೆಯುವುದು. ನಿಮಗೆ ಫೋನು ಮಾಡಿದರೆ ಮೀಟಿಂಗ್ ಎನ್ನುತ್ತೀರಿ, ಅದಕ್ಕೆ ನಾನೂ ಡಬ್ಬಿಯಲ್ಲಿಯೇ ಹಾಕಿದೆ.

ನೀವು ಶ್ರೀನಿವಾಸಣ್ಣನಿಗೆ ಎಂತ ಬರೆದದ್ದು? ನಾನು ಓದಿಲ್ಲ. ಕವರಿನ ಗೋಂದು ಸಾರಿನ ಹಬೆಗೆ ತನ್ನಷ್ಟಕ್ಕೆ ಬಿಟ್ಟಿತ್ತು, ಕಣ್ಣಿಗೆ ಬಿದ್ದದ್ದು ಟ್ಯಾಂಕ್ ಎಂದು ಮಾತ್ರ, ಮತ್ತೆ ಪಾಯಸ ಎಂದು. ಆ ದಿನದಿಂದ ಡಬ್ಬಿ ಹೋದ ಹಾಗೆಯೇ ವಾಪಸ್ ಬರ್ತಾ ಉಂಟು. ಮೊದಲ ದಿನ ಪಲ್ಯ ಮಾತ್ರ ಬಿಟ್ಟಿದ್ದರು. ಮರುದಿನ ಅನ್ನವನ್ನೂ ಮುಟ್ಟಿಲ್ಲ. ಫ್ಯಾಕ್ಟರಿಯ ಗೇಟಿನವನ ಹತ್ತಿರ ಕೇಳಿದೆ, "ಬಾಸ್ ಪೇಪರ್ ಮೇಲೆ ಚೌಕ ಚೌಕ ಬರೀತಾರೆ, ಮುಚ್ಚಳದ ಮೆಷಿನ್ ನಿಂತದ್ದೂ ಗೊತ್ತಾಗಲಿಲ್ಲ" ಎಂದ.

ನನ್ನ ಅಡುಗೆ ಯಾರೂ ಹೀಗೆ ವಾಪಸ್ ಕಳಿಸಿದ್ದಿಲ್ಲ ಅಕ್ಕಾ. ಹೈಕಮಿಷನ್ನಿನವರು ಕೂಡ ಬೆರಳು ಚೀಪಿದವರು. ನಿಮ್ಮ ಜಗಳ ನಿಮಗಿರಲಿ, ನನ್ನ ಹುಳಿಗೆ ಕೆಟ್ಟ ಹೆಸರು ಬೇಡ. ನೀವೇ ಏನಾದರೂ ಎರಡು ಒಳ್ಳೆಯ ಮಾತು ಬರೆದು ಹಾಕಿ. ಬರೆದರೆ ಈ ಸಲ ಸ್ಟೇಪ್ಲರ್ ಹೊಡೆಯಿರಿ.

ನಿಮ್ಮ
ಶೈಲಜಾ

*

ಇಂಡಸ್ಟ್ರಿಯಲ್ ಏರಿಯಾ
20 ಫೆಬ್ರವರಿ

ವತ್ಸಲಾ,

ನೀನು ಕಳಿಸಿದ "ಊಟ ಮಾಡು" ಎಂಬ ಎರಡು ಪದದ ಕಾಗದ ತಲುಪಿತು. ಅದಕ್ಕೆ ನಾಲ್ಕು ಪಿನ್ನು ಯಾಕೆ ಹೊಡೆದಿದ್ದೆಯೋ ತಿಳಿಯಲಿಲ್ಲ.

ಐದನೇ ತಾರಸಿಯನ್ನು ನೀನು ನೋಡಿಯೇ ಇಲ್ಲವೆಂದು ನಾನು ಎಂದೂ ಅಂದುಕೊಂಡಿರಲಿಲ್ಲ. ನೋಡಿಯೂ ಏನೂ ಹೇಳಲಿಲ್ಲ ಎಂದುಕೊಂಡಿದ್ದೆ. ಅದೇ ನನ್ನ ಸಿಟ್ಟು. ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟು ಹೀಗೆ ಕೆಲಸಕ್ಕೆ ಬಾರದ್ದಾದರೆ ಮನುಷ್ಯನಿಗೆ ಹಸಿವಾಗುವುದಿಲ್ಲ. ಶೈಲಜಾ ಅವರಿಗೆ ಹೇಳು, ಹುಳಿಯ ತಪ್ಪಲ್ಲ.

ಯಂತ್ರದ ಮೆಮೊರಿ ಒಟ್ಟು ನಲವತ್ತೆಂಟು ಕೆ. ಈಗ ಮೊಬೈಲಿನಲ್ಲಿ ಗುಡ್ ಮಾರ್ನಿಂಗ್ ಎಂದು ಕಳಿಸುವ ಒಂದು ಹೂವಿನ ಚಿತ್ರ ಅದಕ್ಕಿಂತ ದೊಡ್ಡದು. ನಿನ್ನ ರಾಗ ಇರಬೇಕು ಇಲ್ಲವೇ ನಿನ್ನ ಮೊಮ್ಮಗಳು ಇರಬೇಕು. ಎರಡಕ್ಕೂ ಜಾಗವಿಲ್ಲ. ಬಹಳ ಕೂಡಿಸಿ ಕಳೆದು ನೋಡಿದೆ. ರಾಗವನ್ನು ಜನ ಬಾಯಲ್ಲಿ ಹಾಡಿಕೊಳ್ಳಬಹುದು, ಹುಡುಗಿಯನ್ನು ಹಾಗೆ ಬಾಯಲ್ಲಿ ಇಟ್ಟುಕೊಳ್ಳಲಾಗದು ಎನಿಸಿತು. ರಾಗ ತೆಗೆದೆ, ಹುಡುಗಿಯನ್ನು ಒಳಗೆ ಸೇರಿಸಿದೆ. ಟ್ಯಾಂಕನ್ನು ಒಂದು ಚೌಕ ಅಗಲ ಮಾಡಿದ್ದು ಅದಕ್ಕೇ. ಅವಳು ಅದರ ಹಿಂದೆ ಮಲಗಿದ್ದಾಳೆ. ಜೆಡ್ ಗುಂಡಿ ಒತ್ತಿದರೆ ಏಳುತ್ತಾಳೆ. ಅಜ್ಜಿಯನ್ನು ಒಬ್ಬರು, ಹುಡುಗಿಯನ್ನು ಒಬ್ಬರು ಆಡಿಸಬೇಕು. ಐದನೇ ತಾರಸಿಗೆ ಇಬ್ಬರು ಬೇಕು. ಗಿರಣಿ ಯಜಮಾನರಿಗೆ ನಾನು ಹೇಳಿದ್ದು ಇದೇ: "ಐದನೇದಕ್ಕೆ ಇಬ್ಬರು ಬೇಕು ಅಂತ ಹೇಳಿ." ಕೆಳಗೆ ರಾಗಿ ಬೀಸುತ್ತಿತ್ತು. ಅವರು "ಆಯ್ತು ಆಯ್ತು" ಎಂದರು. ಬೇರೆ ಯಾರನ್ನೋ ನೋಡಿಕೊಳ್ಳಲು ನಾನು ಹೇಳಿಲ್ಲ. ಆ ಗದ್ದಲದಲ್ಲಿ ಅವರಿಗೆ ಕೇಳಿಸಿದ್ದು ಅದು.

ಮೇಲೆ ಬಂದೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಅಪ್ಪ ಮಸ್ಕತ್ ಕೆಲಸಕ್ಕೆ ಒಪ್ಪಿಸಿ ಆಗಿತ್ತು, ಸಂಜೆಗೇ ಬಾಂಬೆ ರೈಲು. ಸೂಟ್‌ಕೇಸ್ ಹಿಡಿದು ಮೆಟ್ಟಿಲವರೆಗೆ ಬಂದೆ. ಮೇಲೆ ನೀನು ಏನೋ ಒರೆಸುತ್ತಾ ಆ ರಾಗ ಗುನುಗುತ್ತಿದ್ದೆ. ಅದೇ ದಿನ ಮಧ್ಯಾಹ್ನ ನಾನು ಅಳಿಸಿದ್ದ ರಾಗ. ನೀನೇ ಹೇಳು, ಹೇಗೆ ಹತ್ತಲಿ.

ಸೀನು

*

ವೆಸ್ಟ್‌ಲ್ಯಾಂಡ್ಸ್
24 ಫೆಬ್ರವರಿ

ಸೀನು,

ನಿನ್ನ ಕಾಗದವನ್ನು ಆಫೀಸಿನಲ್ಲಿ ಓದಿದೆ. ಮಧ್ಯಾಹ್ನ ಶಾಲಾ ಪಠ್ಯದ ಬಗ್ಗೆ ಹನ್ನೊಂದು ದೇಶದವರು ಸೇರಿದ್ದ ಸಭೆಯಲ್ಲಿ ನಾನು ಮಾತಾಡಬೇಕಿತ್ತು. ಏನು ಮಾತಾಡಿದೆನೋ ನೆನಪಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಆದ್ದರಿಂದ ವಿಶೇಷವೇನೂ ಹೇಳಿರಲಾರೆ.

ಮನೆಗೆ ಬಂದು, ಕೈಕಾಲು ಕೂಡ ತೊಳೆಯದೆ, ರಮೇಶ್ ಅವರನ್ನು ಪಕ್ಕಕ್ಕೆ ಸರಿಸಿ ಕೂತೆ. ಐದನೇ ತಾರಸಿ ಬಂತು. ಜೆಡ್ ಒತ್ತಿದೆ.

ಅವಳು ಎದ್ದಳು, ಸೀನು. ಮೂವತ್ತೇಳು ವರ್ಷದಿಂದ ಅಲ್ಲೇ ಮಲಗಿದ್ದವಳು, ಏನೂ ಆಗಿಲ್ಲವೆಂಬಂತೆ ಟ್ಯಾಂಕಿನ ಹಿಂದಿನಿಂದ ನಡೆದು ಬಂದಳು. ನಾನು ಬರೆದುಕೊಟ್ಟಿದ್ದು ಸುಮ್ಮನೆ ನಿಂತಿದ್ದ ಹುಡುಗಿ. ನಡೆಯುವಾಗ ಅವಳ ಜಡೆ ಅಲ್ಲಾಡುತ್ತದೆ. ಆ ಜಡೆಯನ್ನು ಅಲ್ಲಾಡಿಸು ಎಂದು ನಾನು ಹೇಳಿರಲಿಲ್ಲ. ಅದಕ್ಕೂ ಎಷ್ಟೋ ಮೆಮೊರಿ ಹೋಗಿರಬೇಕು. ನಾನು ಲೆಕ್ಕ ಕೇಳುವುದಿಲ್ಲ.

ರಮೇಶ್ ನನ್ನ ಮುಖ ನೋಡಿ, "ಏನಾಯ್ತೇ? ಕಣ್ಣಿಗೆ ಏನಾದ್ರೂ ಬಿತ್ತಾ?" ಎಂದರು. ಹೌದೆಂದೆ.

ಇಷ್ಟು ಒಳ್ಳೆಯದು. ಇನ್ನು ಕೆಟ್ಟದ್ದು. ಅಜ್ಜಿಯನ್ನು ನಾನು ಹಿಡಿದೆ, ಹುಡುಗಿಯನ್ನು ಅವರು. ಆರು ಜನ ವಕೀಲರನ್ನು ಕಂಡರೂ ಇಷ್ಟು ಬೇಗ ಸಂಸಾರ ಕೆಡುವುದಿಲ್ಲ. "ಬಲಕ್ಕೆ" ಎಂದರೆ "ಯಾರ ಬಲಕ್ಕೆ?" ಎನ್ನುತ್ತಾರೆ. ಕಾಗೆ ಬಂದಾಗ ಗುಂಡಿ ಒತ್ತುವುದು ಬಿಟ್ಟು ಲ್ಯಾಪ್‌ಟಾಪಿಗೆ "ಹುಶ್" ಎನ್ನುತ್ತಾರೆ. ಮೂರು ದಿನದಿಂದ ಆಡುತ್ತಿದ್ದೇವೆ, ಅದರಲ್ಲಿ ಒಂದು ದಿನ ಮಾತು ಬಿಟ್ಟಿದ್ದೆವು. ಹಪ್ಪಳ ಒಂದೂ ಉಳಿದಿಲ್ಲ.

ಶೆರಿಲ್‌ಗೆ ಇಬ್ಬರು ಬೇಕೆಂಬ ಗುಟ್ಟು ಹೇಳಿದೆ. ಅವಳು ವಿನ್ಸೆಂಟನ ಕಡೆ ತಿರುಗಿ, "ನೋಡು, ಅವರೂ ಒಂದು ಅಂಗಡಿಯ ಮೇಲೆ ಇಬ್ಬರೇ ಇದ್ದರು" ಎಂದಳು. ಮೇಳದಲ್ಲಿ ವೇದಿಕೆಯ ಮೇಲೆ ನಾವಿಬ್ಬರೇ ಆಡಿ ತೋರಿಸಬೇಕಂತೆ. ಅದಕ್ಕಾಗಿ ರಬ್ಬರ್ ಗುಂಡಿಯ ಹಳೆಯ ಯಂತ್ರವನ್ನೇ ಮೊಂಬಾಸಾದಿಂದ ತರಿಸುತ್ತಿದ್ದಾಳೆ. ಮೇ ಹತ್ತು, ಶನಿವಾರ. ಬರುತ್ತೀಯ?

ವತ್ಸಲಾ

*

ಇಂಡಸ್ಟ್ರಿಯಲ್ ಏರಿಯಾ
22 ಏಪ್ರಿಲ್

ವತ್ಸಲಾ,

ತಡವಾಯಿತು. ಹೊಸ ಅಚ್ಚು ಬಂದಿತ್ತು, ಮುಚ್ಚಳಗಳು ಅಂಡಾಕಾರವಾಗಿ ಬೀಳುತ್ತಿದ್ದವು. ಅದು ಒಂದು ವಾರದ ಕೆಲಸ. ಉಳಿದ ವಾರಗಳಿಗೆ ನೆಪ ಇನ್ನೂ ಹುಡುಕಿಲ್ಲ.

ಮೇಳಕ್ಕೆ ನಾನು ಬರುವುದಿಲ್ಲ. ಕಸರಾನಿಗೆ ಹೋಗುವ ಥೀಕಾ ರೋಡಿನಲ್ಲಿ ಶನಿವಾರ ಜಾಮ್ ಇರುತ್ತದೆ. ಇಲ್ಲಿ ನನ್ನನ್ನು ಬಾಟಲಿ ಮುಚ್ಚಳದ ಮನುಷ್ಯ ಎಂದು ಎಲ್ಲರೂ ಬಲ್ಲರು. ಮುಚ್ಚಳವನ್ನು ನೋಡಿ ಯಾರೂ ನಗುವುದಿಲ್ಲ, ಹೊಗಳುವುದೂ ಇಲ್ಲ, ತಿರುಗಿಸಿ ಬಿಸಾಡುತ್ತಾರೆ. ಅದಕ್ಕೆ ಹೊಂದಿಕೊಂಡಿದ್ದೇನೆ. ಆ ಆಟವನ್ನು ಮಾತ್ರ ನನಗೆ ಯಾರಾದರೂ ನೋಡಿ ನಗುವುದು ಬೇಡ. ಮುಂದೆ ಕೂತು ಅದನ್ನು ನೋಡುವುದಂತೂ ಬೇಡವೇ ಬೇಡ.

ರಮೇಶ್ ಅವರಿಗೆ ಅಭ್ಯಾಸ ಮಾಡಿಸು. "ಹುಡುಗಿಯ ಬಲಕ್ಕೆ" ಎಂದು ಬಿಡಿಸಿ ಹೇಳು.

ಸೀನು

*

ವೆಸ್ಟ್‌ಲ್ಯಾಂಡ್ಸ್
23 ಏಪ್ರಿಲ್

ಸೀನು,

ಜಾಮ್ ಎಂದು ಈ ಊರಿನಲ್ಲಿ ಮದುವೆಗೆ ಹೋಗದವರಿದ್ದಾರೆ, ಆಪರೇಷನ್ನಿಗೆ ಹೋಗದವರನ್ನು ನಾನು ಕಂಡಿಲ್ಲ. ಇದು ಯಾವುದೆಂದು ನೀನೇ ತೀರ್ಮಾನಿಸು.

ನಿನ್ನ ಕುರ್ಚಿ ಹಾಕಿಸುತ್ತೇನೆ. ನೀನು ಬರದಿದ್ದರೆ ಅದರಲ್ಲಿ ರಮೇಶ್ ಕೂರುತ್ತಾರೆ, ಹುಡುಗಿಯನ್ನು ಟ್ಯಾಂಕಿನ ಮೇಲೆ ಹತ್ತಿಸಿ ಬೀಳಿಸುತ್ತಾರೆ. ಅದನ್ನು ಇಡೀ ಸಭಾಂಗಣ ನೋಡುತ್ತದೆ.

ವತ್ಸಲಾ

*

ವೆಸ್ಟ್‌ಲ್ಯಾಂಡ್ಸ್
12 ಮೇ

ಸೀನು,

ಶನಿವಾರ ಕಸರಾನಿಯಲ್ಲಿ ನಡೆದದ್ದನ್ನು ನೀನು ಊರಿಗೆಲ್ಲ ಬೇರೆ ರೀತಿ ಹೇಳುತ್ತಿದ್ದೀಯೆಂದು ಶೈಲಜಾ ಅವರಿಂದ ತಿಳಿಯಿತು. ಸಂಘದ ಕಾರ್ಯದರ್ಶಿಯವರೂ ಫೋನ್ ಮಾಡಿ, "ಮೇಡಂ, ಶ್ರೀನಿವಾಸ್ ಸರ್ ನಿಮ್ಮನ್ನ ಸೋಲಿನಿಂದ ಸೇವ್ ಮಾಡಿದ್ರಂತೆ" ಎಂದರು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಸಭಾಂಗಣ ಮಕ್ಕಳಿಂದ, ಯುವಕರಿಂದ ತುಂಬಿತ್ತು. ಶೆರಿಲ್ ಮೈಕ್ ಹಿಡಿದು, ಇದನ್ನು ಮಾಡಿದವರು ಇಬ್ಬರು, ಒಂದು ಹಿಟ್ಟಿನ ಗಿರಣಿಯ ಮೇಲೆ ಎಂದು ಹೇಳಿದಳು. ಗಿರಣಿ ಎಂದಾಗ ಯಾರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ಯಾವುದೋ ಅಂಗಡಿಯ ಮೇಲೋ ಹಿಂದೋ ಕೂತು ಕೆಲಸ ಮಾಡುವವರೇ ಎಂದು ಆಮೇಲೆ ತಿಳಿಯಿತು. ಕ್ಯಾಸೆಟ್ ಕಿರ್ರೆಂದು ಕಿರುಚುತ್ತಾ ಲೋಡ್ ಆಗುವಷ್ಟು ಹೊತ್ತೂ ಹುಡುಗರು ಉಸಿರು ಬಿಗಿಹಿಡಿದು ಕೂತಿದ್ದರು. ಅದೇ ಆಟವೆಂದು ಕೆಲವರು ತಿಳಿದುಕೊಂಡಿದ್ದರು.

ಅಜ್ಜಿ ಬಂದಾಗ ನಕ್ಕರು, ನಿಜ. ಕಾಗೆಗೆ ಮೊದಲ ಪೆಟ್ಟು ಬಿದ್ದಾಗ ಒಬ್ಬಳು "ಶೋಶೋ" ಎಂದು ಕೂಗಿದಳು. ಹಾಗೆಂದರೆ ಅವರ ಮನೆಮಾತಿನಲ್ಲಿ ಅಜ್ಜಿ ಎಂದು ವಿನ್ಸೆಂಟ್ ನನ್ನ ಕಿವಿಯಲ್ಲಿ ಹೇಳಿದ. ಎರಡನೇ ತಾರಸಿಯ ಹೊತ್ತಿಗೆ ಸಭಾಂಗಣವೆಲ್ಲ ಶೋಶೋ, ಶೋಶೋ ಎನ್ನುತ್ತಿತ್ತು. ನೀನು ಹೆದರಿದ ನಗೆ ಇದಲ್ಲ ಎಂದು ನನಗೆ ಅನಿಸಿತು. ನೀನು ಬಂದಿಲ್ಲ ಎಂದು ಆಗ ನಿಜವಾಗಿ ಕೋಪ ಬಂತು.

ಐದನೇ ತಾರಸಿ. ಪಕ್ಕದಲ್ಲಿ ರಮೇಶ್. ಹುಡುಗಿಯನ್ನು ಎಬ್ಬಿಸಿದರು, ಟ್ಯಾಂಕಿನ ಕಡೆ ಓಡಿಸಿದರು. ಹಿಂದಿನ ಸಾಲಿನಿಂದ, ಐಸ್‌ಕ್ರೀಮ್ ಮಾರುವವನ ಪಕ್ಕದಿಂದ ಒಂದು ದನಿ ಬಂತು, ಅಚ್ಚ ಮಲ್ಲೇಶ್ವರದ ದನಿ: "ಹತ್ತಿಸ್ಬೇಡಿ ಸಾರ್. ಸುತ್ತಿ ಬನ್ನಿ. ವತ್ಸಲಾ, ಅವರಿಗೆ ಹೇಳೇ."

ನಾನು ಮೈಕಿನಲ್ಲಿ ಹೇಳಿದ್ದು ಇಷ್ಟೇ: "ಅಲ್ಲಿ ನಿಂತು ಕೂಗೋ ಬದ್ಲು ಇಲ್ಲಿ ಬಂದು ಒತ್ತು." ನೀನು ಬಂದೆ. ರಮೇಶ್ ಎದ್ದು ನಿನ್ನ ಕೈ ಹಿಡಿದು, "ಬನ್ನಿ ಸಾರ್, ನನ್ನ ಸಂಸಾರ ಉಳಿಸಿ" ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಅದೃಷ್ಟಕ್ಕೆ ಕನ್ನಡ ಬರುತ್ತಿದ್ದವರು ಶೈಲಜಾ ಒಬ್ಬರೇ. ಹಾಗಾಗಿ ಊರಿಗೆಲ್ಲ ಗೊತ್ತಾಯಿತು.

ಆಮೇಲೆ ನಾವಿಬ್ಬರೂ ಆಡಿದೆವು. "ಸೇವ್ ಮಾಡಿದ್ದು" ಎಲ್ಲಿ ಬಂತು? ನೀನು ಹುಡುಗಿಯನ್ನು ಹಿಡಿದೆ, ನಾನು ಅಜ್ಜಿಯನ್ನು. ಒಂದು ಮಾತೂ ಆಡಲಿಲ್ಲ. ನೀನು ಯಾವ ಕಡೆ ಹೋಗುತ್ತೀಯೆಂದು ನನಗೆ ಗೊತ್ತಿತ್ತು. ಹೇಗೆಂದು ಕೇಳಬೇಡ. ಕೊನೆಯ ಕಾಗೆ ಹಾರಿಹೋಯಿತು, ಹಪ್ಪಳ ಅಷ್ಟೂ ಉಳಿಯಿತು. ಸಭಾಂಗಣವೇ ಎದ್ದು ನಿಂತಿತು. ತೆರೆಯ ಮೇಲೆ ಅಜ್ಜಿಯೂ ಮೊಮ್ಮಗಳೂ ಪಕ್ಕಪಕ್ಕದಲ್ಲಿ ಕೂತರು. ಅಜ್ಜಿ ಹಪ್ಪಳದ ಕಡೆ ಕೈ ಚಾಚಿದಳು. ಅಲ್ಲಿಗೆ ಎಲ್ಲ ನಿಂತು, ಕೆಳಗೆ ಒಂದು ಸಾಲು ಬಂತು: ಔಟ್ ಆಫ್ ಮೆಮೊರಿ.

ಜನ ಅದನ್ನೇ ಕಥೆಯ ಕೊನೆ ಎಂದುಕೊಂಡರು. ನನ್ನ ಮುಂದಿದ್ದ ಒಬ್ಬ ಹುಡುಗ ಕಣ್ಣು ಒರೆಸಿಕೊಂಡ. ಅಜ್ಜಿಗೆ ಮರೆವು ಬಂತು ಎಂದು ಅರ್ಥ ಮಾಡಿಕೊಂಡನಂತೆ.

ಆಗ ನಾನು "ಜಡೆ ಅಲ್ಲಾಡಿಸದಿದ್ರೆ ಜಾಗ ಉಳೀತಿತ್ತು" ಎಂದದ್ದು ಹೌದು. ನೀನು "ನಿನ್ನ ಅಜ್ಜಿ ಸೀರೆಗೆ ಎರಡು ಬಣ್ಣ ಯಾಕೆ ಬೇಕಿತ್ತು?" ಎಂದದ್ದೂ ಹೌದು. ಮೈಕ್ ಹಾಗೆಯೇ ಇತ್ತು. ನಾವು ಹತ್ತು ನಿಮಿಷ ಜಗಳವಾಡಿದೆವಂತೆ. ಮೇಳದ ಅತ್ಯುತ್ತಮ ಕಾರ್ಯಕ್ರಮ ಅದೇ ಎಂದು ವಿನ್ಸೆಂಟ್ ಹೇಳುತ್ತಾನೆ.

ಇಲ್ಲಿಗೆ ದಾಖಲೆ ಮುಗಿಯಿತು. ಇನ್ನು ಕಾರ್ ಪಾರ್ಕಿಂಗಿನಲ್ಲಿ ನೀನು ಹೇಳಿದ ವಿಚಾರ. ಕೆಲಸದ ಅವಧಿ ಜೂನ್ ಕೊನೆಗೆ ಮುಗಿಯುತ್ತದೆ, ಬೆಂಗಳೂರಿಗೆ ಹೋಗುತ್ತೇನೆ ಎಂದು ನೀನಂದೆ. ನಾನು "ಒಳ್ಳೇದು" ಎಂದೆ. ಅದು ನನ್ನ ಬಾಯಿಗೆ ಬಂದದ್ದು, ಅಷ್ಟೆ.

ಶೆರಿಲ್ ಒಂದು ಮೇಜು ಖಾಲಿ ಮಾಡಿಕೊಟ್ಟಿದ್ದಾಳೆ. ಆಟದ ಕೊನೆಯನ್ನು ಸರಿಮಾಡಬೇಕಂತೆ. ಅದಾದ ಮೇಲೆ ಹೊಸದೊಂದನ್ನು ನಾಲ್ಕೂ ಜನ ಸೇರಿ ಮಾಡೋಣ ಎನ್ನುತ್ತಾಳೆ. ಭಾನುವಾರ ನಾನು ಹೋಗಿ ಕೂರುತ್ತೇನೆ. ನೀನು ಎರಡು ಭಾನುವಾರ ಬಂದು ಹೋದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ನಮ್ಮ ಮೊದಲ ಜಗಳವೂ ಮುಗಿದಿರುವುದಿಲ್ಲ. ಇರುವುದಾದರೆ ಇರು. ಇಲ್ಲವಾದರೆ ಈಗಲೇ, ನೀನೇ ಹೇಳು.

ವತ್ಸಲಾ

*

ಇಂಡಸ್ಟ್ರಿಯಲ್ ಏರಿಯಾ
19 ಮೇ

ವತ್ಸಲಾ,

ನಿನ್ನ ದಾಖಲೆಯಲ್ಲಿ ಒಂದು ತಪ್ಪಿದೆ. ನಾನು ಐಸ್‌ಕ್ರೀಮಿನವನ ಪಕ್ಕ ನಿಂತಿರಲಿಲ್ಲ. ಅವನ ಹಿಂದೆ ನಿಂತಿದ್ದೆ, ಮೊದಲನೇ ತಾರಸಿಯಿಂದ.

ನಿನ್ನ ಕಾಗದ ಬಂದ ದಿನ ಬೆಂಗಳೂರಿಗೆ ಫೋನ್ ಮಾಡಿ ವಸುಂಧರಾಗೆ ವಿಷಯ ಹೇಳಿದೆ. ಹೇಗೆ ಹೇಳುವುದೆಂದು ಅರ್ಧ ಗಂಟೆ ಯೋಚಿಸಿದ್ದೆ, ಹೆಂಡತಿಗೆ ಬೇಸರವಾಗಬಾರದಲ್ಲ. ಅವಳು, "ಡಿಸೆಂಬರ್‌ವರೆಗೂ ಬರ್ಬೇಡಿ ರೀ, ಮನೆಗೆ ಬಣ್ಣ ಹೊಡೆಸ್ತಿದೀನಿ. ನೀವಿದ್ರೆ ಪೇಂಟರ್‌ಗೆ ಐಡಿಯಾ ಕೊಡ್ತೀರಿ" ಎಂದಳು. ಪಾಠ ಮಾಡುವ ಸ್ಕೂಲಿಗೆ ರಜೆ ಬಂದಾಗ ತಾನೇ ಇಲ್ಲಿಗೆ ಬಂದು ಆ ಅಜ್ಜಿಯನ್ನು ನೋಡುತ್ತಾಳಂತೆ. ಅಜ್ಜಿ ಎಂದರೆ ಆಟದ್ದೋ ನೀನೋ, ಬಿಡಿಸಿ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಎಂ.ಡಿ. ಹತ್ತಿರ ಹೋದೆ. ಇನ್ನಾರು ತಿಂಗಳು ಇರುತ್ತೇನೆ, ಆದರೆ ಶನಿವಾರ ಭಾನುವಾರ ಫ್ಯಾಕ್ಟರಿಗೆ ಬರಲಾಗದು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾಕೆ ಎಂದು ಕೇಳಿದರು. ಅರವತ್ತು ವರ್ಷದ ಮನುಷ್ಯ ಸುಳ್ಳು ಹೇಳುವುದು ಯಾಕೆಂದು ಇದ್ದದ್ದನ್ನೇ ಹೇಳಿದೆ: "ನಾನು ಒಂದು ಆಟ ಶುರು ಮಾಡಿದ್ದೆ ಸರ್. ಬಹಳ ಹಿಂದೆ. ನಡುವೆ ಬಿಟ್ಟುಹೋಗಿತ್ತು. ಜೊತೆಗೆ ಆಡುವವರು ಈಗ ಸಿಕ್ಕಿದ್ದಾರೆ."

ಅವರ ಮುಖ ಅರಳಿತು. ನಾನು ಆ ಮುಖವನ್ನು ಮೂರು ವರ್ಷದಲ್ಲಿ ಹಾಗೆ ಕಂಡಿರಲಿಲ್ಲ. "ಮೊದಲೇ ಹೇಳಬಾರದಿತ್ತೇ? ನಾನೂ ಆಡುತ್ತೇನೆ" ಎಂದು ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಆಗಲೇ ಸಹಿ ಹಾಕಿ, ಎಚ್.ಆರ್.ಗೆ ಕಳಿಸಿ, ಕಾಫಿ ತರಿಸಿದರು. ಅರ್ಧ ಕಾಫಿ ಕುಡಿದ ಮೇಲೆ ನನ್ನ ಹ್ಯಾಂಡಿಕ್ಯಾಪ್ ಎಷ್ಟೆಂದು ಕೇಳಿದರು. ಮೊಣಕಾಲು ಸ್ವಲ್ಪ ನೋಯುತ್ತದೆ, ಬೇರೇನಿಲ್ಲ ಎಂದೆ. ಬಹಳ ಹೊತ್ತು ನಕ್ಕರು. ಅವರು ಹೇಳುತ್ತಿರುವುದು ಗಾಲ್ಫ್, ಹ್ಯಾಂಡಿಕ್ಯಾಪ್ ಎಂದರೆ ಅದರಲ್ಲಿ ಆಡುವವರ ಮಟ್ಟ ಅಳೆಯುವ ಲೆಕ್ಕ ಎಂದು ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಕಾಗದ ಎಚ್.ಆರ್. ತಲುಪಿತ್ತು; ತಿದ್ದುವ ಮನಸ್ಸು ಬರಲಿಲ್ಲ.

ಭಾನುವಾರ ಬರುತ್ತೇನೆ. ಆಟದ ಕೊನೆಗೆ ಎಲ್ಲಿ ಜಾಗ ಮಾಡಬಹುದೆಂದು ನೋಡಿಟ್ಟಿದ್ದೇನೆ, ಸೀರೆಯ ಬಣ್ಣವನ್ನೂ ಜಡೆಯನ್ನೂ ಮುಟ್ಟುವುದಿಲ್ಲ. ಆದರೆ ಶನಿವಾರ ಬೆಳಿಗ್ಗೆ ಏಳಕ್ಕೆ ಎಂ.ಡಿ. ಕ್ಲಬ್ಬಿನಲ್ಲಿ ಕಾಯುತ್ತಾರೆ. ಕೋಲು ಹೇಗೆ ಹಿಡಿಯುವುದೆಂದೂ ನನಗೆ ಗೊತ್ತಿಲ್ಲ.

ರಮೇಶ್ ಅವರಿಗೆ ಗಾಲ್ಫ್ ಬರುತ್ತದೆಯೇ? ಕೇಳಿ, ನಾಳೆಯ ಡಬ್ಬಿಯಲ್ಲಿಯೇ ತಿಳಿಸು.

ಸೀನು